ಮಾತು ಬಿಟ್ಟವರ ಸುರಂಗ

ಈನಕ್ ಕರ್ಷಾ ಮತ್ತು ಸೈಲಸ್ ಬೂತ್ ಮಾತು ಬಿಟ್ಟು ಆರು ವರ್ಷವಾಗಿತ್ತು. ಬಿಟ್ಟವನು ಈನಕ್. ಸೈಲಸ್‌ಗೆ ಬಿಡುವ ಹಕ್ಕೇ ಇರಲಿಲ್ಲ, ಯಾಕೆಂದರೆ ಮುಷ್ಕರ ಮುರಿದವನು ಅವನು.

ಮ್ಯಾಂಚೆಸ್ಟರಿನ ರಸ್ತೆಗಳ ಕೆಳಗೆ ಚರಂಡಿ ಸುರಂಗ ಕೊರೆಯುವ ನಮ್ಮ ಜನಕ್ಕೆ ಪೊಲೀಸು, ಕೋರ್ಟು, ಪಾದ್ರಿ ಯಾರ ಮೇಲೂ ಅಷ್ಟಾಗಿ ನಂಬಿಕೆಯಿಲ್ಲ. ಮುಷ್ಕರದ ಹೊತ್ತಿನಲ್ಲಿ ಕೆಲಸಕ್ಕೆ ಹೋದವನನ್ನು ನಾವು ಹೊಡೆಯುವುದೂ ಇಲ್ಲ. ಹೊಡೆದ ಗಾಯ ಮಾಯುತ್ತದೆ. ಅವನ ಜೊತೆ ಮಾತು ಬಿಡುತ್ತೇವೆ. ಅವನು ಹೆಂಡದಂಗಡಿಗೆ ಕಾಲಿಟ್ಟರೆ ಒಳಗಿದ್ದವರೆಲ್ಲ ತಮ್ಮ ಲೋಟ ಬೋರಲು ಹಾಕುತ್ತಾರೆ. ಅವನ ಬೆಂಕಿಕಡ್ಡಿಯಲ್ಲಿ ಪೈಪು ಹಚ್ಚುವುದಿಲ್ಲ, ಅವನು ಕೂತ ಬೆಂಚಿನಲ್ಲಿ ಕೂರುವುದಿಲ್ಲ. ಕನಿಕರ ಉಕ್ಕಿ ಯಾರಾದರೂ ಅವನೊಂದಿಗೆ ಒಂದು ಮಾತಾಡಿದರೆ ಆ ಮಹಾನುಭಾವನಿಗೂ ಅದೇ ಗತಿ. ಇದಕ್ಕೆ ಅವಧಿಯಿಲ್ಲ, ಕ್ಷಮೆಯಿಲ್ಲ. ಹೊರಗಿನವರು ಇದನ್ನು ಕ್ರೂರ ಅನ್ನುತ್ತಾರೆ. ಹೊರಗಿನವರು ಮುಷ್ಕರದಲ್ಲಿ ಹಸಿದವರಲ್ಲ.

ಆ ಮುಷ್ಕರ ಸೆಪ್ಟೆಂಬರಿನಲ್ಲಿ ಶುರುವಾಗಿ ಚಳಿಗಾಲವನ್ನೆಲ್ಲ ನುಂಗಿತು. ಗುತ್ತಿಗೆದಾರ ಜಗ್ಗಲಿಲ್ಲ, ನಮ್ಮವರೂ ಜಗ್ಗಲಿಲ್ಲ. ಸಭೆಯಲ್ಲಿ ಮೊದಲು ಕೈ ಎತ್ತಿದವರಲ್ಲಿ ಈನಕ್ ಒಬ್ಬ. ಅವನಿಗೆ ನಾಲ್ಕು ವರ್ಷದ ಮಗಳಿದ್ದಳು, ಎಫಿ. ಮನೆಯಲ್ಲಿ ಮೊದಲು ಮಾಂಸ ನಿಂತಿತು, ಆಮೇಲೆ ಹಾಲು, ಆಮೇಲೆ ಒಲೆಯ ಕಲ್ಲಿದ್ದಲು. ಎಫಿ ಸೊರಗಿ ಸೊರಗಿ, ಎದೆ ಕಟ್ಟಿ ಸತ್ತಳು. ಅದೇ ದಿನಗಳಲ್ಲಿ ಎದುರು ಸಾಲಿನ ಸೈಲಸ್ ಬೂತ್‌ನ ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು, ಹಂದಿಮಾಂಸ ಹುರಿಯುವ ವಾಸನೆ ಬೀದಿಗೆಲ್ಲ ಬರುತ್ತಿತ್ತು. ಅವನು ಹಿಂಬಾಗಿಲಿನಿಂದ ಕೆಲಸಕ್ಕೆ ಹೋಗುತ್ತಿದ್ದ. ಶವದ ಪೆಟ್ಟಿಗೆಗೆ ಮೊಳೆ ಹೊಡೆಯುವ ಮುನ್ನ ಈನಕ್ ಮಗಳ ಹಣೆ ಮುಟ್ಟಿ, ಹೆಂಡತಿ ಹೆಪ್ಜಿಯ ಎದುರಿಗೇ ಆಣೆಯಿಟ್ಟ.

"ಆ ನಾಯಿ ಜೊತೆ ಒಂದೇ ಒಂದು ಮಾತಾಡಿದ್ರೆ ನಾನು ನಿಮ್ಮಪ್ಪ ಅಲ್ಲ ಕಣವ್ವಾ."

ಆ ದಿನದ ನಂತರ ಆ ಮನೆಯಲ್ಲಿ ಎಫಿ ಎಂಬ ಹೆಸರನ್ನು ಯಾರೂ ಎತ್ತಲಿಲ್ಲ.

ಯುದ್ಧ ಬಂತು. ಫ್ಲಾಂಡರ್ಸ್ ಎಂಬ ಕೆಸರಿನ ಸೀಮೆಯಲ್ಲಿ ಎರಡು ಸೈನ್ಯಗಳು ಎದುರು ಬದುರು ಕಂದಕ ತೋಡಿಕೊಂಡು ಕೂತವು. ಕೂತವು ಎಂದರೆ ಕೂತೇಬಿಟ್ಟವು. ನಡುವೆ ಮುಳ್ಳುತಂತಿ, ಅದರಾಚೆ ಮೆಷಿನ್‌ಗನ್ನು. ಜರ್ಮನ್ನರು ಒಂದು ದಿಬ್ಬದ ಮೇಲಿದ್ದರು, ನಮ್ಮವರು ತಗ್ಗಿನಲ್ಲಿ. ನಮ್ಮವರು ಚಹಾ ಕಾಸಿದರೂ ಮೇಲಿನವರಿಗೆ ಹೊಗೆ ಕಾಣುತ್ತಿತ್ತು. ದೊಡ್ಡ ದೊಡ್ಡ ಜನರಲ್ಲುಗಳಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ವಾರಗಟ್ಟಲೆ ಫಿರಂಗಿ ಹೊಡೆದು, ಸೀಟಿ ಊದಿ, ಹುಡುಗರನ್ನು ಎದ್ದು ಓಡಿ ಎನ್ನುವುದು. ಓಡಿದ ಹುಡುಗರು ತಂತಿಯ ಮೇಲೆ ಒಗೆದ ಬಟ್ಟೆಗಳ ಹಾಗೆ ನೇತಾಡಿದರು. ಅಷ್ಟಾದ ಮೇಲೆ ಯಾರಿಗೋ ಬುದ್ಧಿ ಬಂತು, ಮೇಲಿನಿಂದ ಆಗದ ಕೆಲಸವನ್ನು ಕೆಳಗಿನಿಂದ ಮಾಡೋಣ ಅಂತ. ಆಗ ನಮ್ಮ ಚರಂಡಿಯವರ ನೆನಪಾಯಿತು. ಅಲ್ಲಿಯ ತನಕ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದವರು ನಮ್ಮ ಮನೆಬಾಗಿಲಿಗೆ ಬಂದು ಕರೆದರು.

ದಿಬ್ಬದ ಕೆಳಗೆ ಒದ್ದೆ ಮರಳಿನ ಪದರ, ಅದರ ಕೆಳಗೆ ನೀಲಿ ಜೇಡಿಮಣ್ಣು. ಮೇಲ್ಪದರದಲ್ಲಿ ಕಲ್ಲಿದ್ದಲು ಗಣಿಯವರು ಗುದ್ದಲಿಯಿಂದ ಢಣ್ ಢಣ್ ಅಂತ ಸಣ್ಣಪುಟ್ಟ ಸುರಂಗ ತೋಡುತ್ತಿದ್ದರು. ಅವು ಜರ್ಮನ್ನರಿಗೆ ಕೇಳಲಿ ಎಂದೇ ತೋಡಿದವು. ನಿಜವಾದ ಸುರಂಗ ಬಹಳ ಕೆಳಗೆ, ಜೇಡಿಯ ಹೊಟ್ಟೆಯಲ್ಲಿ ಸದ್ದಿಲ್ಲದೆ ಸಾಗುತ್ತಿತ್ತು. ಅದು ದಿಬ್ಬದ ಅಡಿಗೆ ತಲುಪಿದ ಮೇಲೆ ಕೊನೆಯಲ್ಲಿ ಸಿಡಿಮದ್ದು ತುಂಬಬೇಕು. ಇಂಥ ಸುರಂಗಗಳನ್ನೆಲ್ಲ ಒಂದೇ ಸಲ ಹಾರಿಸಿ, ಜರ್ಮನ್ನರು ಕಣ್ಣು ಬಿಡುವ ಮೊದಲು ಫಿರಂಗಿಗಳು ಬೆಂಕಿಯ ಪರದೆ ಎಳೆಯುತ್ತ ಮುಂದೆ ಮುಂದೆ ಸರಿಯಬೇಕು, ಕಾಲಾಳುಗಳು ಆ ಪರದೆಗೆ ಅಂಟಿಕೊಂಡು ದಿಬ್ಬ ಹತ್ತಬೇಕು. ಇದು ಯೋಜನೆ. ಕಾಗದದ ಮೇಲೆ ಚೆನ್ನಾಗಿತ್ತು. ಮಣ್ಣಿನ ಒಳಗೆ ಅದಕ್ಕೆ ಬೇಕಾದದ್ದು ಒಂದೇ, ಮೌನ.

ನಮ್ಮವರು ಜೇಡಿಯನ್ನು ಅಗೆಯುವುದಿಲ್ಲ, ಒದೆಯುತ್ತಾರೆ. ಒಬ್ಬ ಶಿಲುಬೆಯ ಆಕಾರದ ಮರದ ಚೌಕಟ್ಟಿಗೆ ಬೆನ್ನು ಕೊಟ್ಟು ಅಂಗಾತ ಒರಗಿ, ಎರಡು ಕಾಲಿನಿಂದಲೂ ಚೂಪು ಸಲಿಕೆಯನ್ನು ಮಣ್ಣಿಗೆ ತಳ್ಳುತ್ತಾನೆ. ಜೇಡಿ ಬೆಣ್ಣೆಯ ಮುದ್ದೆಯಂತೆ ಬಿಡಿಸಿಕೊಂಡು ಬರುತ್ತದೆ. ಇನ್ನೊಬ್ಬ ಅದನ್ನು ಚೀಲಕ್ಕೆ ತುಂಬುತ್ತಾನೆ, ಮೂರನೆಯವನು ರಬ್ಬರು ಗಾಲಿಯ ಬಂಡಿಯಲ್ಲಿ ಹೊರಗೆ ಒಯ್ಯುತ್ತಾನೆ. ಮೇಲೆ ಆ ನೀಲಿ ಮಣ್ಣನ್ನು ವಿಮಾನದ ಕಣ್ಣಿಗೆ ಬೀಳದಂತೆ ಮರಗಳ ಕೆಳಗೆ ಹೂಳುತ್ತಾರೆ.

ಕ್ಯಾಪ್ಟನ್ ವೈಲ್ಡಿಂಗ್ ಸಾಹೇಬ ಇಡೀ ತುಕಡಿಯನ್ನು ಗಮನಿಸಿ ನೋಡಿದ. ಎಲ್ಲರೂ ಪಿಸುಗುಡುತ್ತಿದ್ದರು. ಇಬ್ಬರು ಮಾತ್ರ ಪಕ್ಕಪಕ್ಕದಲ್ಲಿ ನಿಲ್ಲಿಸಿದರೂ ತುಟಿ ಬಿಚ್ಚುತ್ತಿರಲಿಲ್ಲ. ಇಂಥ ಶಿಸ್ತು ತಾನು ಎಲ್ಲೂ ಕಂಡಿಲ್ಲವೆಂದು ಹೊಗಳಿ, ಈನಕ್ ಮತ್ತು ಸೈಲಸ್‌ನನ್ನು ಒಂದೇ ಜೋಡಿ ಮಾಡಿ ಎಲ್ಲಕ್ಕಿಂತ ಮುಂದಿನ ಸುರಂಗಕ್ಕೆ ಹಾಕಿದ. ಸಾಹೇಬನಿಗೆ ಕಾರಣ ಹೇಳುವವರು ಯಾರು? ನಮ್ಮ ಮನೆಯ ಜಗಳವನ್ನು ಬಿಳಿ ಕಾಲರಿನವರ ಮುಂದೆ ಬಿಚ್ಚುವ ಪದ್ಧತಿ ನಮ್ಮಲ್ಲಿಲ್ಲ.

ಈನಕ್‌ಗೆ ಮೈಯೆಲ್ಲ ಉರಿಯಿತು. ಸೈಲಸ್ ಒದೆಗಾರ, ಅದೂ ಎಲ್ಲರಿಗಿಂತ ಒಳ್ಳೆಯ ಒದೆಗಾರ. ಅವನ ತಲೆಯ ಹಿಂದೆ ಮಂಡಿಯೂರಿ ಕೂತು ಅವನು ಒದ್ದ ಮಣ್ಣನ್ನು ಈನಕ್ ಚೀಲಕ್ಕೆ ತುಂಬಬೇಕು. ಆಳು ನಿಲ್ಲುವಷ್ಟೂ ಎತ್ತರವಿಲ್ಲದ ಬಿಲದಲ್ಲಿ, ಒಂದೇ ಮೇಣದಬತ್ತಿಯ ಬೆಳಕಿನಲ್ಲಿ, ಆ ಮನುಷ್ಯನ ಬೆವರು ಮೂಗಿಗೆ ಬಡಿಯುತ್ತಿತ್ತು. ಆ ಕತ್ತನ್ನು ನೋಡುತ್ತ ನೋಡುತ್ತ ಈನಕ್ ಎಷ್ಟೋ ಸಲ ಮನಸ್ಸಿನಲ್ಲೇ ಅದನ್ನು ಹಿಸುಕಿದ್ದ. ಆದರೂ ಕೈ ತನ್ನ ಕೆಲಸ ಮಾಡುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಸೈಲಸ್ ಉಸಿರೆಳೆದರೆ ಸಾಕು, ಮಣ್ಣು ಯಾವ ಕಡೆ ಬೀಳುತ್ತದೆ ಎಂದು ಈನಕ್‌ಗೆ ತಿಳಿಯುತ್ತಿತ್ತು. ಗಂಡಹೆಂಡಿರಲ್ಲೂ ಇಲ್ಲದ ಹೊಂದಾಣಿಕೆ. ಅದಕ್ಕೇ ಅವನಿಗೆ ಇನ್ನಷ್ಟು ಸಿಟ್ಟು.

ದೂರದಿಂದ ತಿಳಿಸುವುದಕ್ಕೆ ಒಂದು ದಾರವಿತ್ತು, ಒದೆಗಾರನ ಮಣಿಕಟ್ಟಿಗೆ ಕಟ್ಟಿದ್ದು, ಇನ್ನೊಂದು ತುದಿ ಹಿಂದಿದ್ದವನ ಕೈಯಲ್ಲಿ. ಒಂದು ಸಲ ಎಳೆದರೆ ಚೀಲ ತಯಾರು, ಎರಡು ಸಲ ಎಳೆದರೆ ನಿಲ್ಲಿಸು, ಮೂರು ಸಲ ಎಳೆದರೆ ಎಲ್ಲ ಬಿಟ್ಟು ಹೊರಗೆ ಬಾ. ಈ ದಾರ ಎಳೆದರೆ ಆಣೆ ಮುರಿದ ಹಾಗಾಗುತ್ತದೆಯೇ ಎಂದು ಈನಕ್‌ಗೆ ಅನುಮಾನ ಬಂತು. ನಮ್ಮವರ ಹಿರಿಯ ಮೇಸ್ತ್ರಿ ಸೆತ್ ಲೋಮಸ್ ಪೈಪು ಕಚ್ಚಿಕೊಂಡು ತೀರ್ಪು ಕೊಟ್ಟ.

"ದಾರ ಎಳ್ಯಾದು ಕೆಲ್ಸ ಕಣ್ಲಾ, ಮಾತಲ್ಲ. ಎಳಿ ನೀನು. ಬಾಯಿ ಬಿಟ್ರೆ ಮಾತ್ರ ನಮ್ಮವನಲ್ಲ."

ಈನಕ್ ಎಳೆದ. ಬೇಕೆಂದೇ ಎಳೆದ. ಆ ಚಳಿಗಾಲದಲ್ಲಿ ಅವನಿಗೆ ಸಿಕ್ಕಿದ ಒಂದೇ ಖುಷಿ ಅದು. ಸುಮ್ಮಸುಮ್ಮನೆ ಮೂರು ಸಲ ಜಗ್ಗುವುದು, ಸೈಲಸ್ ಪ್ರಾಣ ಕೈಯಲ್ಲಿ ಹಿಡಿದು, ಅಂಗಾತ ಹಿಮ್ಮುಖವಾಗಿ ತೆವಳಿ, ಮೂಗು ಬಾಯಿಗೆಲ್ಲ ಜೇಡಿ ಮೆತ್ತಿಕೊಂಡು ಬರುವುದು, ಸುರಂಗಕ್ಕೆ ಇಳಿಯುವ ಬಾವಿಯ ಬುಡದಲ್ಲಿ ಕೂತವರು ಮುಷ್ಟಿ ಕಚ್ಚಿ ನಗುವುದು. ಸೈಲಸ್ ಯಾರನ್ನು ಬೈದಾನು? ಬೈದರೂ ಕೇಳುವವರಿಲ್ಲ. ಮೂರನೆಯದೋ ನಾಲ್ಕನೆಯದೋ ಸಲ ಅವನು ಮುಖ ಒರೆಸಿಕೊಂಡು ಈನಕ್‌ನನ್ನು ದಿಟ್ಟಿಸಿ ನೋಡಿದ. ಆಮೇಲಿಂದ ದಾರ ಎಷ್ಟು ಜಗ್ಗಿದರೂ ಅವನು ಅಲುಗುತ್ತಿರಲಿಲ್ಲ. ಹುಲಿ ಬಂತು ಹುಲಿ ಎಂದು ಕೂಗಿ ಕೂಗಿ ಈನಕ್ ತನ್ನ ಕೈಯಾರೆ ದಾರವನ್ನು ಕೊಂದಿದ್ದ. ಆಗ ಅವನಿಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ, ಬಂಡಿಯವನು ಚೀಲಗಳನ್ನು ಒಯ್ದಿದ್ದ. ಸೈಲಸ್ ಒಬ್ಬನೇ ಮುಂದೆ ಒದೆಯುತ್ತಿದ್ದ. ಈನಕ್ ಹಿಂದಿನ ಗೂಡಿನಲ್ಲಿ ಕೂತು, ವೈದ್ಯರ ಕೊಳವೆಯಂಥದ್ದನ್ನು ಕಿವಿಗೆ ಹಾಕಿ ಮಣ್ಣನ್ನು ಆಲಿಸುತ್ತಿದ್ದ. ಕೆಲವು ದಿನಗಳಿಂದ ಮೇಲೆ ಎಡಗಡೆ ಜರ್ಮನ್ನರ ಗುದ್ದಲಿ ಕೇಳುತ್ತಿತ್ತು. ಗುದ್ದಲಿ ಕೇಳುತ್ತಿರುವ ತನಕ ಭಯವಿಲ್ಲ ಎನ್ನುವುದು ಎಲ್ಲರಿಗೂ ತಿಳಿದ ಮಾತು, ಅಗೆಯುವವನು ಹಾರಿಸುವುದಿಲ್ಲ. ಅಂದು ಗುದ್ದಲಿ ನಿಂತಿತ್ತು. ಅದರ ಜಾಗದಲ್ಲಿ ಸರ್‍ರ್ ಎಂದು ಏನನ್ನೋ ಎಳೆಯುವ ಸದ್ದು, ಇಳಿಸುವ ಸದ್ದು, ಮತ್ತೆ ಎಳೆಯುವ ಸದ್ದು. ಮದ್ದು ತುಂಬುತ್ತಿದ್ದರು. ಆಮೇಲೆ ಅದೂ ನಿಂತಿತು, ಇನ್ನು ಹಾರಿಸುವುದಷ್ಟೇ ಬಾಕಿ.

ಈನಕ್ ದಾರವನ್ನು ಮೂರು ಸಲ ಎಳೆದ. ಮುಂದೆ ಒದೆಯುವ ಮೆತ್ತನೆ ಸದ್ದು ನಿಲ್ಲಲಿಲ್ಲ. ಮತ್ತೆ ಎಳೆದ. ಮತ್ತೆ. ಸೈಲಸ್ ತನ್ನ ಪಾಡಿಗೆ ತಾನು ಒದೆಯುತ್ತಲೇ ಇದ್ದ.

ಈನಕ್‌ಗೆ ಹೊರಗೆ ಹೋಗುವ ದಾರಿ ಹಿಂದೆ ತೆರೆದೇ ಇತ್ತು. ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ದಾರ ಎಳೆದೆ, ಅವನು ಬರಲಿಲ್ಲ, ಅದು ಸುಳ್ಳೂ ಅಲ್ಲ. ಆರು ವರ್ಷ ಕಾದದ್ದು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಮುಂದೆ ಬಂದಿತ್ತು, ಅದೂ ಜರ್ಮನ್ನರ ಖರ್ಚಿನಲ್ಲಿ. ಅವನು ಬಾವಿಯ ಕಡೆ ತಿರುಗಿ ಸ್ವಲ್ಪ ದೂರ ತೆವಳಿಯೂ ತೆವಳಿದ. ಆಮೇಲೆ ತನ್ನನ್ನು ತಾನೇ ಕೆಟ್ಟದಾಗಿ ಬೈದುಕೊಂಡು ಹಿಂದಿರುಗಿದ. ಯಾಕೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಹೊಳೆಯಲಿಲ್ಲ. ಕನಿಕರವಂತೂ ಅಲ್ಲ.

ಮುಂದಕ್ಕೆ ತೆವಳಿ ಸೈಲಸ್‌ನ ಭುಜ ಹಿಡಿದೆಳೆದ. ಸೈಲಸ್ ಮೊಣಕೈಯಿಂದ ಗುದ್ದಿ ಕೊಡವಿಕೊಂಡ. ಇದೂ ಒಂದು ಆಟ ಎಂದುಕೊಂಡಿದ್ದ. ಇನ್ನು ಉಳಿದದ್ದು ಒಂದೇ. ಈನಕ್ ಅವನ ಕಿವಿಗೆ ಬಾಯಿಟ್ಟ.

"ಸೈಲಸ್. ಎದ್ದು ಬಾರ್ಲಾ. ತುಂಬವ್ರೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೈಲಸ್ ಕಲ್ಲಾಗಿ ಹೋದ. ಆ ದನಿಯೇ ಸಾಕಾಯಿತು. ಈ ಮನುಷ್ಯ ತಮಾಷೆಗೆ ಆಣೆ ಮುರಿಯುವವನಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಇನ್ನಾರು? ಸಲಿಕೆ ಬಿಟ್ಟು ತೆವಳಿದ. ಇಬ್ಬರೂ ಬಾವಿಯ ಬುಡ ಮುಟ್ಟುವಷ್ಟರಲ್ಲಿ ಹಿಂದೆ ನೆಲ ಒಮ್ಮೆ ಬಿಕ್ಕಳಿಸಿತು. ಮೇಣದಬತ್ತಿಗಳೆಲ್ಲ ಆರಿದವು. ಮುಂದಿನ ಸುರಂಗ ಮುಚ್ಚಿಹೋಗಿತ್ತು.

ಮೇಲೆ ಬಂದ ಮೇಲೆ ಸೈಲಸ್‌ಗೆ ಹಿಡಿದು ನಿಲ್ಲಿಸಲಾರದಷ್ಟು ಖುಷಿ. ಜೀವ ಉಳಿದದ್ದಕ್ಕಲ್ಲ. ಜೇಡಿ ಮೆತ್ತಿದ ಮುಖದಲ್ಲಿ ಹಲ್ಲು ಬಿಟ್ಟುಕೊಂಡು, ತನ್ನ ಮಾತು ಯಾರಿಗೂ ಬೇಕಿಲ್ಲವೆಂಬುದನ್ನೂ ಮರೆತು, ಕೂತವರ ಮುಂದೆ ಹೋಗಿ ಹೇಳಿದ.

"ಮಾತಾಡ್ಸ್ದ ಕಣ್ರೋ. ಈನಕ್ ನನ್ನ ಹೆಸ್ರು ಹಿಡ್ದು ಮಾತಾಡ್ಸ್ದ."

ಯಾರೂ ಅವನತ್ತ ನೋಡಲಿಲ್ಲ. ಎಲ್ಲರೂ ಈನಕ್‌ನತ್ತ ನೋಡಿದರು. ಸೆತ್ ಲೋಮಸ್ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟು, ದಿಟವಾ ಎಂದು ಕೇಳಿದ. ಅವನ ದನಿಯಲ್ಲಿ, ಅಲ್ಲ ಅನ್ನು ಮಾರಾಯ ಎಂಬ ಬೇಡಿಕೆಯೂ ಇತ್ತು. ಈನಕ್‌ಗೆ ಅದು ಕೇಳಿಸಿತು. ಆದರೆ ಅವನು ಹಟದಲ್ಲಿ ಎಷ್ಟು ಕೆಟ್ಟವನೋ ಸುಳ್ಳಿನಲ್ಲಿ ಅಷ್ಟೇ ದಡ್ಡ.

"ದಿಟ," ಎಂದ.

ಸೆತ್ ಚಹಾವನ್ನು ನೆಲಕ್ಕೆ ಚೆಲ್ಲಿ ಲೋಟವನ್ನು ಬೋರಲು ಹಾಕಿದ. ಒಬ್ಬೊಬ್ಬರಾಗಿ ಉಳಿದವರೂ ಹಾಕಿದರು.

ಕ್ಯಾಪ್ಟನ್ ಮಾತ್ರ ಕುಣಿದಾಡಿದ. ಆ ಸುರಂಗ ಸತ್ತಿತೆಂದು ಜರ್ಮನ್ನರು ನಂಬಿದ್ದರಿಂದ ಅಲ್ಲಿ ಕಿವಿ ಕೊಡುವುದನ್ನೇ ಬಿಟ್ಟರು. ಪಕ್ಕದಿಂದ ಸುತ್ತಿ ಬಳಸಿ ಹೊಸ ದಾರಿ ಒದೆಯಲು ಅನುಕೂಲವಾಯಿತು. ಈನಕ್‌ನ ಬೆನ್ನು ತಟ್ಟಿ, ರಮ್ ಕುಡಿಸಿ, ಮನೆಗೆ ರಜೆ ಕೊಟ್ಟು ಕಳಿಸಿದ. ಹಡಗಿನಲ್ಲಿ, ರೈಲಿನಲ್ಲಿ ಈನಕ್ ಒಂದೇ ಲೆಕ್ಕ ಹಾಕುತ್ತಿದ್ದ. ಸೆತ್ ಲೋಟ ಬೋರಲು ಹಾಕಿದ್ದನ್ನು ನುಂಗಿಕೊಳ್ಳಬಹುದು. ಹೆಪ್ಜಿಗೆ ಏನು ಹೇಳುವುದು?

ಹೆಪ್ಜಿ ಮೇಜಿನ ಮೇಲೆ ಆಲೂಗಡ್ಡೆಯ ಗಂಜಿ ಇಟ್ಟಿದ್ದಳು. ಅವನು ಚಮಚ ಮುಟ್ಟದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟ. ಆಣೆ ಮುರಿದೆ ಎಂದ. ಅವಳು ಬಾಗಿಲು ತೋರಿಸುತ್ತಾಳೆ ಎಂದುಕೊಂಡಿದ್ದ. ಅವಳು ಎದುರು ಕುರ್ಚಿ ಎಳೆದು ಕೂತಳು. ಸೈಲಸ್‌ಗೆ ಏನು ಹೇಳಿದೆ ಎಂದು ಕೇಳಿದಳು. ಎದ್ದು ಬಾ ಅಂದೆ, ಅಷ್ಟೇ ಎಂದ.

"ಅಷ್ಟೇಯಾ?" ಹೆಪ್ಜಿಯ ಮುಖ ಕೆಂಪಾಯಿತು. "ಬಾಯಿ ಬಿಟ್ಟ ಮೇಲೆ ಅಷ್ಟಕ್ಕೇ ಮುಚ್ಕೊಂಡ್ ಬಂದ್ಯಾ?"

ಈನಕ್‌ಗೆ ಅರ್ಥವಾಗಲಿಲ್ಲ.

"ಸುಮ್ನಿದ್ದು ಸುಮ್ನಿದ್ದು ಅವನಿಗೆ ಉಪ್ಕಾರ ಮಾಡ್ದೆ ನೀನು," ಎಂದಳು. "ಆರು ವರ್ಷ ಅವನ ಕಿವಿ ಮೇಲೆ ಅವಳ ಹೆಸ್ರು ಬಿದ್ದಿಲ್ಲ. ನೆಮ್ಮದಿಯಾಗವ್ನೆ. ನಾನ್ ಹೆಂಗಿದೀನಿ ಅಂತ ನೋಡಿದ್ಯಾ? ಈ ಮನೇಲೂ ಅವಳ ಹೆಸ್ರು ಎತ್ತಂಗಿಲ್ಲ. ಮಾತು ಬಿಟ್ಟಿದ್ದು ಅವನ ಜೊತೆ ಅಂತೀಯ. ನನ್ನ ಜೊತೆ ಬಿಟ್ಟೆ ನೀನು."

ಆ ರಜೆಯೆಲ್ಲ ಅವಳು ಮಾತಾಡಿದಳು. ಈನಕ್ ಮುಷ್ಕರದ ಸಭೆ, ಕಾವಲು, ಮೆರವಣಿಗೆ ಎಂದು ಓಡಾಡುತ್ತಿದ್ದಾಗ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಎಫಿ ಗೋಡೆಯ ಕಾಗದ ಕಿತ್ತು ಅದರ ಹಿಂದಿನ ಗೋಂದು ನೆಕ್ಕುತ್ತಿದ್ದಳಂತೆ. ಅಪ್ಪ ಬಂದಾಗ ಹೊಟ್ಟೆ ತುಂಬಿದೆ ಎಂದು ಹೇಳಬೇಕೆಂದು ಹೆಪ್ಜಿಯೇ ಕಲಿಸಿದ್ದಳಂತೆ. ಮಗು ಅದನ್ನು ಚಾಚೂ ತಪ್ಪದೆ ಹೇಳುತ್ತಿತ್ತು. ಈನಕ್‌ಗೆ ಆ ಮಾತು ನೆನಪಿತ್ತು. ಅವನು ಅದನ್ನು ನಂಬಿ ಮತ್ತೆ ಸಭೆಗೆ ಹೋಗಿದ್ದ. ಅವನು ಮೇಜಿನ ಮೇಲೆ ತಲೆಯಿಟ್ಟು ಅತ್ತ. ಹೆಪ್ಜಿ ಸಮಾಧಾನ ಮಾಡಲಿಲ್ಲ, ಹೇಳುವುದನ್ನು ನಿಲ್ಲಿಸಲೂ ಇಲ್ಲ.

ಹೊರಡುವ ದಿನ ಅವನ ಕೋಟಿನ ಗುಂಡಿ ಹಾಕುತ್ತ ಅವಳೆಂದಳು: "ಹೋಗು, ಮಾತಾಡು. ದಿನಾ ಮಾತಾಡು. ಅವಳು ಹುಟ್ಟಿದ ದಿವ್ಸದಿಂದ ಸುರು ಮಾಡು. ಒಂದೂ ಬಿಡ್ಬೇಡ."

ಫ್ಲಾಂಡರ್ಸಿಗೆ ಮರಳಿದಾಗ ನಮ್ಮವರು ಯಾರೂ ಅವನನ್ನು ಬಾ ಎನ್ನಲಿಲ್ಲ. ಸೈಲಸ್ ಒಬ್ಬ ಓಡಿಬಂದ. ಪ್ರಯಾಣ ಹೇಗಿತ್ತು, ಊರಲ್ಲಿ ಮಳೆಯೋ, ಹೆಪ್ಜಿ ಹೇಗಿದ್ದಾಳೆ ಎಂದೆಲ್ಲ ಬಡಬಡಿಸಿದ. ಆರು ವರ್ಷದ ಮಾತು ಹೊಟ್ಟೆಯೊಳಗೆ ಕೂಡಿಬಿದ್ದಿತ್ತಲ್ಲ. ತನ್ನ ತಪ್ಪನ್ನೂ ಅವನು ಮುಚ್ಚಿಡಲಿಲ್ಲ. ಮಕ್ಕಳು ಹಸಿದಿದ್ದವು, ಕೆಲಸಕ್ಕೆ ಹೋದೆ, ಮಕ್ಕಳು ಬದುಕಿವೆ, ಅದಕ್ಕೆ ತಾನು ಯಾರ ಕಾಲಿಗೂ ಬೀಳುವುದಿಲ್ಲ ಎಂದ. ಈನಕ್‌ಗೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಬಾರಿಸಲಿಲ್ಲ. ಎದುರಿನ ಪೆಟ್ಟಿಗೆಯ ಮೇಲೆ ಕೂತ.

"ಅವಳು ಹುಟ್ಟಿದ್ದು ಒಂದು ಮಂಗಳವಾರ," ಎಂದು ಶುರುಮಾಡಿದ.

ಸುರಂಗದಲ್ಲಿ ಮೊದಲಿನ ಹಾಗೇ ತುಟಿ ಬಿಚ್ಚುತ್ತಿರಲಿಲ್ಲ. ಪಾಳಿ ಮುಗಿಸಿ, ಎಲ್ಲರೂ ತಂಗುವ ಕೊಟ್ಟಿಗೆಗೆ ಬಂದು ಸೈಲಸ್ ಟಿನ್ನಿನ ಗೋಮಾಂಸ ಬಿಚ್ಚಿದೊಡನೆ ಈನಕ್ ಎದುರು ಬಂದು ಕೂರುತ್ತಿದ್ದ. ಒಂದು ಸಂಜೆಗೆ ಎಫಿಯ ಬದುಕಿನ ಒಂದು ತುಣುಕು. ಮೊದಲ ಹಲ್ಲು. ಮೊದಲ ಹೆಜ್ಜೆ. ಕೋಳಿಯನ್ನು ಕಂಡು ಹೆದರಿದ್ದು. ಸೈಲಸ್ ಮೊದಮೊದಲು ನಕ್ಕ, ತನ್ನ ಮಕ್ಕಳ ಸುದ್ದಿಯನ್ನೂ ಸೇರಿಸಲು ನೋಡಿದ. ಈನಕ್ ಅವನ ಮಾತು ಮುಗಿಯುವ ತನಕ ಕಾದು, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದ. ಕೆಲವು ವಾರದಲ್ಲಿ ಸೈಲಸ್‌ಗೆ ಈ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದು ಅರ್ಥವಾಯಿತು. ನಗು ನಿಂತಿತು. ಊಟ ತೆಗೆದುಕೊಂಡು ಬೇರೆ ಮೂಲೆಗೆ ಹೋದ. ಅಲ್ಲಿದ್ದವರು ಎದ್ದು ಹೋದರು, ಈನಕ್ ಬಂದು ಕೂತ. ಹೆಂಡದಂಗಡಿಗೆ ಹೋದ, ಅಲ್ಲಿಗೂ ಬಂದ. ಈ ಲೋಕದಲ್ಲಿ ಇವನಿಗೆ ಅವನು, ಅವನಿಗೆ ಇವನು, ಬೇರೆ ಗತಿಯಿರಲಿಲ್ಲ. ಸೈಲಸ್‌ಗೆ ಊಟ ಇಳಿಯದಾಯಿತು. ಮುಷ್ಕರದ ಸೆಪ್ಟೆಂಬರು ಬಂದ ಮೇಲೆ ಈನಕ್ ಇನ್ನೂ ನಿಧಾನವಾದ. ಇದು ಅವನಿಗೂ ಶಿಕ್ಷೆಯೇ. ಆದರೂ ಬಿಡಲಿಲ್ಲ.

ಜೂನಿನಲ್ಲಿ ಸುರಂಗಗಳೆಲ್ಲ ಮದ್ದು ತುಂಬಿಕೊಂಡು ತಯಾರಾದವು. ಒಂದು ಬೆಳಗಿನ ಜಾವ ಎಲ್ಲವನ್ನೂ ಒಟ್ಟಿಗೆ ಹಾರಿಸಿದರು. ದಿಬ್ಬ ಎದ್ದು ನಿಂತಿತು, ಉರಿಯುವ ಕಂಬಗಳಾಗಿ ಆಕಾಶಕ್ಕೆ ಹೋಯಿತು, ಮಣ್ಣಾಗಿ ಕೆಳಗೆ ಸುರಿಯಿತು. ಅದರ ಮೇಲಿದ್ದ ಸಾವಿರಾರು ಜರ್ಮನ್ ಹುಡುಗರು ಏನಾದರೆಂದು ನಮ್ಮವರು ಅಂದು ಯೋಚಿಸಲಿಲ್ಲ. ಫಿರಂಗಿಗಳು ಬೆಂಕಿಯ ಪರದೆ ಎಳೆದವು, ಅದರ ಹಿಂದೆ ಕಾಲಾಳುಗಳು ನಡೆದೇ ದಿಬ್ಬ ಹತ್ತಿದರು. ಎರಡು ವರ್ಷ ಗಜವೂ ಅಲುಗದ ಗಡಿ ಬೆಳಗಿನ ತಿಂಡಿಯ ಹೊತ್ತಿಗೆ ಅಲುಗಿತು. ಚರಂಡಿಯವರು ಒಬ್ಬರನ್ನೊಬ್ಬರು ತಬ್ಬಿ ಕುಣಿದರು. ಸೆತ್ ಲೋಮಸ್ ಟೋಪಿ ಎಸೆದ. ಕ್ಯಾಪ್ಟನ್ ಸಾಹೇಬ ಅತ್ತೇಬಿಟ್ಟ. ಈನಕ್ ಮತ್ತು ಸೈಲಸ್‌ನನ್ನು ಮಾತ್ರ ಯಾರೂ ತಬ್ಬಲಿಲ್ಲ.

ಇಬ್ಬರೂ ಮರಳುಚೀಲಗಳ ಮೇಲೆ ಸ್ವಲ್ಪ ದೂರ ಬಿಟ್ಟು ಕೂತಿದ್ದರು. ಸೈಲಸ್ ಬಹಳ ಇಳಿದುಹೋಗಿದ್ದ. ಮೋಡದಂತೆ ನಿಂತ ಧೂಳನ್ನು ನೋಡುತ್ತ ಅವನು ಕೇಳಿದ.

"ಎಲ್ಲಾ ಮುಗೀತಲ್ಲ ಈನಕ್. ಇನ್ನಾದ್ರೂ ಸಾಕು ಮಾಡು. ನಿನ್ ದಮ್ಮಯ್ಯ ಅಂತೀನಿ, ಮೊದ್ಲಿನಂಗೆ ಮಾತು ಬಿಟ್ಬಿಡು ನನ್ನ ಜೊತೆ."

ಈನಕ್ ಎದ್ದು ಬಂದು ಅವನ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತ.

"ಇನ್ನೂ ನವೆಂಬರಿಗೇ ಬಂದಿಲ್ಲ ಕಣ್ಲಾ," ಎಂದ. "ಅವಳು ಸತ್ತಿದ್ದು ಜನವರಿಯಲ್ಲಿ."